ಕಾನೂನು ಪ್ರಶ್ನೋತ್ತರ: ಕೋವಿಡ್ ಕಾಲದ ಬಾಡಿಗೆ ಬಾಕಿ ಮತ್ತು ಮನೆ ಖಾಲಿ ಮಾಡಿಸುವ ಹಕ್ಕು

ಲಾಕ್‌ಡೌನ್ ತೆರವಾಗಿ ಇಷ್ಟು ವರ್ಷಗಳಾದರೂ ಅದರ ಹೆಸರಿನಲ್ಲಿ ಹುಟ್ಟಿಕೊಂಡ ಬಾಡಿಗೆ ತಕರಾರುಗಳು ಇನ್ನೂ ಮುಗಿದಿಲ್ಲ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಪತ್ರ ಬರೆದವರ ಹೆಸರು, ವಿಳಾಸಗಳನ್ನು ಬಿಟ್ಟು, ಪ್ರಶ್ನೆಯ ತಿರುಳನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ಮೂಡಿಗೆರೆ ಸಮೀಪ ಒಂದು ಹಳೆಯ ಬಂಗಲೆಯನ್ನು 2019ರ ಜೂನ್‌ನಲ್ಲಿ ತಿಂಗಳಿಗೆ 60,000 ರೂಪಾಯಿ ಬಾಡಿಗೆಗೆ ಪಡೆದು ಹೋಂಸ್ಟೇ ನಡೆಸುತ್ತಿದ್ದೇನೆ. ಛಾಪಾ ಕಾಗದದ ಮೇಲೆ ಮೂರು ವರ್ಷದ ಕರಾರು ಬರೆದುಕೊಂಡಿದ್ದೆವು, ಆದರೆ ನೋಂದಣಿ ಮಾಡಿಸಿರಲಿಲ್ಲ. ಪ್ರವಾಸಿಗರೇ ಬಾರದಿದ್ದ 2020ರ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಐದು ತಿಂಗಳು ಮತ್ತು 2021ರ ಮೇ, ಜೂನ್ ತಿಂಗಳ ಬಾಡಿಗೆಯನ್ನು ಕೊಟ್ಟಿಲ್ಲ. ನಂತರದ ಬಾಡಿಗೆ ಒಂದೂ ತಪ್ಪಿಲ್ಲ. ಈಗ ಮಾಲೀಕರು 4,20,000 ರೂಪಾಯಿ ಬಾಕಿಯನ್ನು ಶೇ. 18ರ ಬಡ್ಡಿಯೊಂದಿಗೆ ಕೊಟ್ಟು, 15 ದಿನಗಳಲ್ಲಿ ಜಾಗ ಖಾಲಿ ಮಾಡಬೇಕೆಂದು ವಕೀಲರ ಮೂಲಕ ನೋಟಿಸ್ ಕಳುಹಿಸಿದ್ದಾರೆ. ಸರ್ಕಾರವೇ ವ್ಯಾಪಾರ ನಿಲ್ಲಿಸಿದ್ದಾಗ ಬಾಡಿಗೆ ಏಕೆ ಕೊಡಬೇಕು? ಮೂರು ವರ್ಷ ದಾಟಿದ ಬಾಕಿಯನ್ನು ಕೇಳುವ ಹಕ್ಕು ಅವರಿಗಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬಾಡಿಗೆ ಮನ್ನಾ ಆಗಿದೆಯೇ, ಬಾಕಿಯ ಕಾಲಮಿತಿ ಮುಗಿದಿದೆಯೇ, ಜಾಗ ಬಿಡಬೇಕೇ ಎಂಬುದಕ್ಕೆ ಬೇರೆ ಬೇರೆಯಾಗಿಯೇ ಉತ್ತರ ಹುಡುಕಬೇಕಾಗುತ್ತದೆ.

ಲಾಕ್‌ಡೌನ್ ಅವಧಿಯ ವಾಣಿಜ್ಯ ಬಾಡಿಗೆಯನ್ನು ಯಾವ ಸರ್ಕಾರಿ ಆದೇಶವೂ ಮನ್ನಾ ಮಾಡಿಲ್ಲ. ಕೇಂದ್ರ ಗೃಹ ಸಚಿವಾಲಯವು ವಿಪತ್ತು ನಿರ್ವಹಣಾ ಕಾಯ್ದೆಯಡಿ 2020ರ ಮಾರ್ಚ್ 29ರಂದು ಹೊರಡಿಸಿದ ಆದೇಶವನ್ನು ಬಹಳ ಮಂದಿ ತಮ್ಮ ಪರವಾಗಿ ಉಲ್ಲೇಖಿಸುತ್ತಾರೆ. ಆದರೆ ವಲಸೆ ಕಾರ್ಮಿಕರೂ ಸೇರಿದಂತೆ ಬಾಡಿಗೆ ಮನೆಗಳಲ್ಲಿ ವಾಸವಿರುವ ಕಾರ್ಮಿಕರಿಂದ ಒಂದು ತಿಂಗಳ ಮಟ್ಟಿಗೆ ಬಾಡಿಗೆ ಕೇಳಕೂಡದು ಎಂಬುದಷ್ಟೇ ಅದರಲ್ಲಿತ್ತು. ಹೋಂಸ್ಟೇ, ಅಂಗಡಿ, ಹೋಟೆಲುಗಳ ಮಾತು ಅಲ್ಲಿರಲಿಲ್ಲ.

ಇನ್ನು, ಕೈಮೀರಿದ ಪರಿಸ್ಥಿತಿಯಿಂದ ಕರಾರು ತಾನಾಗಿ ಬಿದ್ದುಹೋಗುತ್ತದೆ ಎಂಬ ವಾದ. ಕರಾರು ಅಧಿನಿಯಮದ 56ನೇ ಕಲಮನ್ನು ಈಗಾಗಲೇ ಜಾರಿಗೆ ಬಂದಿರುವ ಬಾಡಿಗೆ ಗುತ್ತಿಗೆಗೆ ಅನ್ವಯಿಸಲಾಗದು ಎಂದು ಸುಪ್ರೀಂ ಕೋರ್ಟ್ 1968ರಷ್ಟು ಹಿಂದೆಯೇ ರಾಜಾ ಧ್ರುವ ದೇವ್ ಚಂದ್ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಮಿನ (ಇ) ಖಂಡ. ಬೆಂಕಿ, ಬಿರುಗಾಳಿ, ನೆರೆ ಅಥವಾ ತಡೆಯಲಾಗದ ಬೇರೆ ಶಕ್ತಿಯಿಂದ ಸ್ವತ್ತಿನ ಮುಖ್ಯ ಭಾಗ ಪೂರ್ತಿ ನಾಶವಾದರೆ, ಇಲ್ಲವೇ ಯಾವ ಉದ್ದೇಶಕ್ಕೆ ಪಡೆದಿದ್ದೆವೋ ಅದಕ್ಕೆ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ, ಬಾಡಿಗೆದಾರನು ಗುತ್ತಿಗೆಯನ್ನು ರದ್ದೆಂದು ಪರಿಗಣಿಸಬಹುದು. ನಿಮ್ಮ ಬಂಗಲೆ ನಾಶವಾಗಲಿಲ್ಲ, ಅದರ ಬಾಗಿಲು ಕೆಲವು ತಿಂಗಳು ಮುಚ್ಚಿತ್ತು ಅಷ್ಟೆ. ದೆಹಲಿ ಹೈಕೋರ್ಟ್ 2020ರ ಮೇ 21ರಂದು ಖಾನ್ ಮಾರ್ಕೆಟ್ಟಿನ ಒಂದು ಅಂಗಡಿಯ ಪ್ರಕರಣದಲ್ಲಿ ಇದೇ ತರ್ಕವನ್ನು ಹಿಡಿಯಿತು. ಕರಾರಿನಲ್ಲಿ ಬಾಡಿಗೆ ವಿನಾಯಿತಿಯ ಷರತ್ತು ಇಲ್ಲದಿದ್ದಾಗ, ಜಾಗವನ್ನು ತನ್ನ ಬಳಿಯೇ ಇಟ್ಟುಕೊಂಡ ಬಾಡಿಗೆದಾರನು ಲಾಕ್‌ಡೌನ್ ಕಾರಣ ಕೊಟ್ಟು ಬಾಡಿಗೆಯ ಅಮಾನತು ಕೇಳಲಾಗದು ಎಂದಿತು. ಆ ತೀರ್ಪು ನಮ್ಮ ರಾಜ್ಯದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ ಅದರ ಹಿಂದಿರುವ ಕಾನೂನು ಇಲ್ಲಿಯದೂ ಹೌದು. ಜಾಗದ ಬೀಗದ ಕೈ ನಿಮ್ಮ ಬಳಿಯೇ ಇದ್ದಷ್ಟು ದಿನ ಬಾಡಿಗೆಯ ಹೊಣೆಯೂ ನಿಮ್ಮದೇ.

ಕಾಲಮಿತಿಯ ಲೆಕ್ಕ ಇದಕ್ಕಿಂತ ಸ್ವಾರಸ್ಯಕರವಾಗಿದೆ. ಬಾಡಿಗೆ ಬಾಕಿಯ ವಸೂಲಿಗೆ, ಬಾಕಿ ಬಿದ್ದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆದರೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 23ರಂದು ಸ್ವಯಂಪ್ರೇರಿತವಾಗಿ ಆರಂಭಿಸಿದ ಪ್ರಕರಣದಲ್ಲಿ, 2022ರ ಜನವರಿ 10ರ ಆದೇಶದ ಮೂಲಕ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಕೈಬಿಟ್ಟಿತು. ನಿಮ್ಮ ಏಳೂ ತಿಂಗಳ ಬಾಕಿ ಈ ಅವಧಿಯಲ್ಲೇ ಬಿದ್ದಿರುವುದರಿಂದ ಮೂರು ವರ್ಷದ ಎಣಿಕೆ 2022ರ ಮಾರ್ಚ್ 1ರಿಂದ ಆರಂಭವಾಗಿ 2025ರ ಫೆಬ್ರವರಿ ಕೊನೆಗೆ ಮುಗಿಯಿತು. ಇಷ್ಟಕ್ಕೇ ನಿಂತಿದ್ದರೆ ನೀವು ನಿಶ್ಚಿಂತರಾಗಿರಬಹುದಿತ್ತು.

ಆದರೆ ಪತ್ರದ ಜೊತೆ ನೀವು ಲಗತ್ತಿಸಿರುವ ಹಾಳೆಯೊಂದು ಈ ನಿಶ್ಚಿಂತೆಯನ್ನು ಕಸಿದುಕೊಳ್ಳುತ್ತದೆ. 2023ರ ಡಿಸೆಂಬರ್‌ನಲ್ಲಿ ನೀವು ಮಾಲೀಕರಿಗೆ, ಹೋಂಸ್ಟೇಯ ಹೆಸರು ಅಚ್ಚಾದ ಕಾಗದದಲ್ಲಿ, ‘ಏಳು ತಿಂಗಳ ಬಾಕಿಯಲ್ಲಿ ಅರ್ಧವನ್ನು ಕಂತಿನಲ್ಲಿ ಕೊಡುತ್ತೇನೆ, ಉಳಿದ ಅರ್ಧವನ್ನು ದಯವಿಟ್ಟು ಬಿಟ್ಟುಬಿಡಿ’ ಎಂದು ಬರೆದು, ಕೆಳಗೆ ಸಹಿ ಮತ್ತು ಮೊಹರು ಹಾಕಿದ್ದೀರಿ. ಕಾಲಪರಿಮಿತಿ ಅಧಿನಿಯಮದ 18ನೇ ಕಲಮಿನ ಪ್ರಕಾರ, ಕಾಲಮಿತಿ ಮುಗಿಯುವ ಮುನ್ನ ಋಣವನ್ನು ಬರಹದಲ್ಲಿ ಒಪ್ಪಿಕೊಂಡು ಸಹಿ ಮಾಡಿದರೆ ಆ ದಿನದಿಂದ ಹೊಸ ಮೂರು ವರ್ಷ ಶುರುವಾಗುತ್ತದೆ. ಅರ್ಧ ಬಿಡಿ ಎಂದು ಕೇಳಿಕೊಂಡಿದ್ದರೂ, ಕೊಡುವುದೇ ಇಲ್ಲ ಎಂದು ಬರೆದಿದ್ದರೂ, ಬಾಕಿ ಇದೆ ಎಂಬ ಒಪ್ಪಿಗೆ ಒಪ್ಪಿಗೆಯೇ. ಆದ್ದರಿಂದ 2026ರ ಡಿಸೆಂಬರ್‌ವರೆಗೆ ಮಾಲೀಕರು ದಾವೆ ಹೂಡಬಹುದು. ಸೌಜನ್ಯದಿಂದ ಬರೆದ ಪತ್ರವೇ ಸಾಕ್ಷಿಯಾಗಿ ತಿರುಗಿ ನಿಲ್ಲುವುದು ಕಹಿಯಾದ ಸಂಗತಿಯೇ. ಹಾಗೆಂದು ಆ ಪತ್ರವನ್ನು ನೀವು ಬರೆಯಬಾರದಿತ್ತು ಎಂದು ನಾನು ಹೇಳಲಾರೆ, ಬಾಕಿ ಇದ್ದದ್ದು ನಿಜವಷ್ಟೆ.

ಶೇ. 18ರ ಬಡ್ಡಿಯ ವಿಷಯ ಬೇರೆ. ಕರಾರಿನಲ್ಲಿ ಬಡ್ಡಿಯ ಮಾತಿಲ್ಲದಿದ್ದರೆ ಮಾಲೀಕರು ನೋಟಿಸಿನಲ್ಲಿ ಬರೆದ ಮಾತ್ರಕ್ಕೆ ಆ ದರ ಸಿಗುವುದಿಲ್ಲ. ಬಡ್ಡಿ ಕೊಡಿಸಬೇಕೇ, ಎಷ್ಟು ಕೊಡಿಸಬೇಕು ಎಂಬುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಮಾತುಕತೆಗೆ ಇಲ್ಲಿ ಅವಕಾಶವಿದೆ.

ಜಾಗ ಬಿಡುವ ಪ್ರಶ್ನೆಯಲ್ಲಿ ನಿಮ್ಮ ಸ್ಥಿತಿ ದುರ್ಬಲವಾಗಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ನೋಂದಣಿಯಾಗದಿದ್ದರೆ ಆ ಅವಧಿಯ ರಕ್ಷಣೆ ಸಿಗುವುದಿಲ್ಲ. ಹೇಗೂ ಆ ಮೂರು ವರ್ಷ 2022ರಲ್ಲೇ ಮುಗಿದಿವೆ. ಈಗ ನಿಮ್ಮದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. ಅದನ್ನು ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಮಿನಂತೆ 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು, ಕಾರಣವನ್ನೂ ಹೇಳಬೇಕಿಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ರಕ್ಷಣೆ, 14 ಚದರ ಮೀಟರಿಗಿಂತ ದೊಡ್ಡದಾದ ವಾಸೇತರ ಕಟ್ಟಡಗಳಿಗೆ ಇಲ್ಲ. ಹಾಗೆಂದ ಮಾತ್ರಕ್ಕೆ ಹದಿನಾರನೆಯ ದಿನ ಮಾಲೀಕರು ಬಂದು ಅತಿಥಿಗಳ ಸಾಮಾನನ್ನು ಅಂಗಳಕ್ಕೆ ಎಸೆಯುವಂತಿಲ್ಲ. ಅವರು ದಾವೆ ಹೂಡಬೇಕು, ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಪಡೆಯಬೇಕು, ಅದನ್ನು ಜಾರಿ ಮಾಡಿಸಬೇಕು. ಅಷ್ಟು ದೂರ ಹೋಗುವುದು ಇಬ್ಬರಿಗೂ ಖರ್ಚಿನ ದಾರಿ. ಅವರ ಬಳಿ ಇರುವ ನಿಮ್ಮ ಮುಂಗಡ 3 ಲಕ್ಷವನ್ನು ಬಾಕಿಗೆ ವಜಾ ಹಾಕಿ, ಉಳಿದ 1,20,000 ರೂಪಾಯಿಯನ್ನು ಬಡ್ಡಿಯಿಲ್ಲದೆ ಕಂತಿನಲ್ಲಿ ಕೊಡುವುದಾಗಿ ಹೇಳಿ, ಅದಕ್ಕೆ ಪ್ರತಿಯಾಗಿ ನೋಂದಾಯಿತ ಹೊಸ ಗುತ್ತಿಗೆ ಕೇಳಿನೋಡಿ. ಮಾಲೀಕರಿಗೂ ಆ ದಿನಗಳು ಸುಲಭವಾಗಿರಲಿಲ್ಲ ಎಂಬುದನ್ನು ಮರೆಯಬೇಡಿ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಲದ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತ್ತೇ ಹೊರತು ಬಡ್ಡಿ ಓಡುವುದನ್ನು ನಿಲ್ಲಿಸಿರಲಿಲ್ಲ.

ಕಡೆಯದಾಗಿ ಒಂದು ಎಚ್ಚರಿಕೆ. ಇನ್ನು ಮುಂದೆ ಬಾಡಿಗೆ ಕಳುಹಿಸುವಾಗ ಅದು ಯಾವ ತಿಂಗಳ ಬಾಡಿಗೆ ಎಂದು ಬ್ಯಾಂಕ್ ವರ್ಗಾವಣೆಯ ಟಿಪ್ಪಣಿಯಲ್ಲೋ ಸಂದೇಶದಲ್ಲೋ ತಪ್ಪದೆ ಬರೆಯಿರಿ. ಬರೆಯದಿದ್ದರೆ, ಬಂದ ಹಣವನ್ನು ಹಳೆಯ ಬಾಕಿಗೆ, ಕಾಲಮಿತಿ ಮೀರಿದ ಬಾಕಿಗೂ ಸಹ, ಜಮಾ ಮಾಡಿಕೊಳ್ಳಲು ಕರಾರು ಅಧಿನಿಯಮದ 60ನೇ ಕಲಮು ಹಣ ಬರಬೇಕಾದವನಿಗೆ ಅವಕಾಶ ನೀಡುತ್ತದೆ. ಆಗ ಈ ತಿಂಗಳ ಬಾಡಿಗೆ ಕೊಟ್ಟೂ ನೀವು ಬಾಕಿದಾರರಾಗಿ ಉಳಿಯುತ್ತೀರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 71 ವರ್ಷ. ಹಾಸನದ ಸಾಲಗಾಮೆ ರಸ್ತೆಯ ಕಡೆ ಇರುವ ನಮ್ಮ ಮನೆಯ ಕೆಳಅಂತಸ್ತನ್ನು 2012ರಿಂದ ಒಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಈಗಿನ ಬಾಡಿಗೆ 9,000 ರೂಪಾಯಿ. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾಗದೆ ಕೆಳಮನೆ ನನಗೇ ಬೇಕಾಗಿದೆ. ಬಿಟ್ಟುಕೊಡಿ ಎಂದರೆ, ‘ಕೋವಿಡ್ ಸಮಯದಲ್ಲಿ ಬಾಡಿಗೆದಾರರನ್ನು ಬಿಡಿಸಬಾರದೆಂದು ಹೈಕೋರ್ಟ್ ಆದೇಶವಾಗಿದೆ, ಅಲ್ಲದೆ ನಾನಿಲ್ಲಿ ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಇದ್ದೇನೆ, ಮನೆ ನನ್ನದೇ’ ಎನ್ನುತ್ತಾರೆ. ನನ್ನ ತಮ್ಮ ನೀರಿನ ವಾಲ್ವ್ ಬಂದ್ ಮಾಡಿಬಿಡೋಣ ಎನ್ನುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ನಿಮ್ಮ ತಮ್ಮನವರನ್ನು ತಡೆಯಿರಿ. ಕಾನೂನು ನಿಮ್ಮ ಪರವಾಗಿದೆ. ವಾಲ್ವ್ ತಿರುಗಿಸಿದ ದಿನವೇ ಅದು ಬಾಡಿಗೆದಾರರ ಪರವಾಗಿ ವಾಲುತ್ತದೆ, ಅವರು ತಡೆಯಾಜ್ಞೆ ತರುತ್ತಾರೆ, ನಿಮ್ಮ ಪ್ರಕರಣ ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ವಿದ್ಯುತ್ತಿನ ವಿಷಯದಲ್ಲಂತೂ ಅದು ಮೂಲಭೂತ ಸೌಲಭ್ಯವೆಂದೂ, ಮಾಲೀಕರು ಒಪ್ಪಿಗೆ ಪತ್ರ ಕೊಡುವುದಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸಲಾಗದೆಂದೂ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ನಿಮ್ಮ ಬಾಡಿಗೆದಾರರು ಹೇಳುತ್ತಿರುವ ಹೈಕೋರ್ಟ್ ಆದೇಶ ಕಟ್ಟುಕಥೆಯಲ್ಲ. 2020ರಲ್ಲಿ ನ್ಯಾಯಾಲಯಗಳ ಕಲಾಪವೇ ಸ್ಥಗಿತಗೊಂಡಾಗ, ಮೇಲ್ಮನವಿಗೆ ಹೋಗಲೂ ಆಗದ ಜನರು ಬೀದಿಗೆ ಬೀಳಬಾರದೆಂದು, ಕರ್ನಾಟಕ ಹೈಕೋರ್ಟ್ ಅದಾಗಲೇ ಹೊರಬಿದ್ದಿದ್ದ ತೆರವು ಆದೇಶಗಳ ಜಾರಿಯನ್ನು ತಡೆಹಿಡಿದಿತ್ತು. ಅದು ತಾತ್ಕಾಲಿಕ ಏರ್ಪಾಡು. ನ್ಯಾಯಾಲಯಗಳು ತೆರೆದ ಮೇಲೆ ಅದರ ಕೆಲಸ ಮುಗಿಯಿತು. ಮನೆ ಬಿಡಿಸಿಕೊಳ್ಳುವ ನಿಮ್ಮ ಹಕ್ಕನ್ನು ಅದು ಅಳಿಸಲೂ ಇಲ್ಲ, ಬಾಡಿಗೆದಾರರಿಗೆ ಹೊಸ ಹಕ್ಕನ್ನು ಕೊಡಲೂ ಇಲ್ಲ.

ಹನ್ನೆರಡು ವರ್ಷದ ವಾದಕ್ಕಂತೂ ಕಾನೂನಿನಲ್ಲಿ ನೆಲೆಯೇ ಇಲ್ಲ. ಹನ್ನೆರಡು ವರ್ಷಗಳ ಪ್ರತಿಕೂಲ ಸ್ವಾಧೀನ ಎಂಬುದು, ಮಾಲೀಕನ ಹಕ್ಕನ್ನು ಅಲ್ಲಗಳೆದು ಬಹಿರಂಗವಾಗಿ ಸ್ವಾಧೀನ ಇಟ್ಟುಕೊಂಡವನಿಗೆ ಅನ್ವಯಿಸುವ ಮಾತು. ತಿಂಗಳು ತಿಂಗಳು ಬಾಡಿಗೆ ಎಣಿಸಿ ಕೊಡುವವರು ಪ್ರತಿ ತಿಂಗಳೂ ನಿಮ್ಮ ಮಾಲೀಕತ್ವವನ್ನು ಒಪ್ಪಿಕೊಳ್ಳುತ್ತಲೇ ಇರುತ್ತಾರೆ. ಅವರು ಹನ್ನೆರಡಲ್ಲ, ನಲವತ್ತು ವರ್ಷ ಇದ್ದರೂ ಬಾಡಿಗೆದಾರರೇ.

ಕರ್ನಾಟಕ ಬಾಡಿಗೆ ಅಧಿನಿಯಮ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳಿಗೆ ಎಲ್ಲಿಯೂ ಅನ್ವಯಿಸುವುದಿಲ್ಲ, ಕೆಲವು ಪ್ರದೇಶಗಳಲ್ಲಿ ಈ ಮಿತಿ 2,000 ರೂಪಾಯಿಯಷ್ಟೆ. ಆ ಕಾನೂನು ಜಾರಿಗೆ ಬಂದ 2001ರ ಕೊನೆಯಲ್ಲಿ ನಿಗದಿಯಾದ ಮಿತಿಯಿದು. ಈಗಿನ ಹಾಸನದಲ್ಲಿ ಆ ಹಣಕ್ಕೆ ಒಂದು ಕೋಣೆ ಸಿಗುವುದೂ ಕಷ್ಟವಾದ್ದರಿಂದ ಬಹುಪಾಲು ಮನೆಗಳು ತಾವಾಗಿಯೇ ಅದರ ಹೊರಗುಳಿದಿವೆ. ನಿಮ್ಮ ಬಾಡಿಗೆ 9,000 ಆದ್ದರಿಂದ ನೀವು ಸ್ವತ್ತು ವರ್ಗಾವಣೆ ಅಧಿನಿಯಮದಂತೆಯೇ ಮುಂದುವರಿಯಬೇಕು. 15 ದಿನಗಳ ನೋಟಿಸ್, ಆ ಮೇಲೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ. ಮನೆ ನಿಮಗೆ ನಿಜಕ್ಕೂ ಅಗತ್ಯವಿದೆ ಎಂದು ಸಾಬೀತುಪಡಿಸುವ ಹೊರೆಯೂ ಇಲ್ಲಿ ನಿಮ್ಮ ಮೇಲಿಲ್ಲ.

ನೋಟಿಸನ್ನು ವಕೀಲರ ಮೂಲಕ ಅಂಚೆಯಲ್ಲೇ ಕಳುಹಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿರುವುದರಿಂದ, ತಲುಪಿದ್ದಕ್ಕೆ ಪುರಾವೆ ಬೇಕೆಂದು ಅಂಚೆ ಕಚೇರಿಯಲ್ಲಿ ಕೇಳಿ ಪಡೆಯಿರಿ. ಬಾಡಿಗೆದಾರರು ತೆಗೆದುಕೊಳ್ಳಲು ಒಪ್ಪದೆ ಲಕೋಟೆ ವಾಪಸು ಬಂದರೆ ಅದನ್ನು ಬಿಚ್ಚಬೇಡಿ. ‘ನಿರಾಕರಿಸಿದ್ದಾರೆ’ ಎಂಬ ಅಂಚೆಯಣ್ಣನ ಷರಾ ಇರುವ ಆ ಮುಚ್ಚಿದ ಲಕೋಟೆ ನ್ಯಾಯಾಲಯದಲ್ಲಿ ನಿಮಗೆ ಬೇಕಾಗುತ್ತದೆ. ನೋಟಿಸಿನ ಅವಧಿ ಮುಗಿದ ಮೇಲೆ ಅವರು ಹಣ ಕೊಟ್ಟರೆ ಎಂದಿನ ಬಾಡಿಗೆ ರಸೀದಿ ಹರಿದುಕೊಡಬೇಡಿ. ಅವಧಿ ಮುಗಿದ ಮೇಲೂ ಬಾಡಿಗೆ ಎಂದೇ ಪಡೆದರೆ ನೀವು ನೋಟಿಸನ್ನು ಬಿಟ್ಟುಕೊಟ್ಟಿರಿ ಎಂದು ವಾದಿಸಲು ಅದೇ ಅಧಿನಿಯಮದ 113ನೇ ಕಲಮು ದಾರಿ ಮಾಡಿಕೊಡುತ್ತದೆ. ‘ನೋಟಿಸಿನ ಹಕ್ಕಿಗೆ ಧಕ್ಕೆಯಾಗದಂತೆ, ಮನೆ ಉಪಯೋಗಿಸಿದ್ದಕ್ಕೆ ಪರಿಹಾರವಾಗಿ ಪಡೆದಿದೆ’ ಎಂದು ಬರೆದುಕೊಡಿ.

ವಕೀಲರ ಶುಲ್ಕದ ಚಿಂತೆಯಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಕೊಡಲು 1987ರ ಕಾಯ್ದೆಯಲ್ಲಿ ಅವಕಾಶವಿದೆ. ಪ್ರಕರಣ ಅಲ್ಲಿಂದ ಲೋಕ ಅದಾಲತ್ತಿಗೆ ಹೋಗಿ ರಾಜಿಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. ಮಕ್ಕಳ ಶಾಲೆಯ ವರ್ಷ ಮುಗಿಯುವವರೆಗೆ ಎಂಬಂಥ ಒಂದು ಗಡುವಿಗೆ ನೀವು ಒಪ್ಪಿದರೆ ರಾಜಿಯ ಸಾಧ್ಯತೆ ಹೆಚ್ಚು.

ಪ್ರಶ್ನೆ: ನಾನು ಶುಶ್ರೂಷಕಿ. 2020ರ ಜುಲೈನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಯೊಂದರ ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾಗ, ರಾತ್ರಿ ಪಾಳಿ ಮುಗಿಸಿ ಬಂದರೆ ಮನೆಯ ಬಾಗಿಲಿಗೆ ನಮ್ಮ ಬೀಗದ ಮೇಲೊಂದು ಹೊಸ ಬೀಗ ಬಿದ್ದಿತ್ತು. ಬಟ್ಟೆಬರೆ, ಅಂಕಪಟ್ಟಿಗಳು ಒಳಗೇ ಇದ್ದವು. ವಾರದ ನಂತರ ಸಾಮಾನು ಕೊಟ್ಟರು, 30,000 ರೂಪಾಯಿ ಅಡ್ವಾನ್ಸ್ ಮಾತ್ರ ಕೊಡಲೇ ಇಲ್ಲ. ಹೆದರಿ ದೂರು ಕೊಡಲಿಲ್ಲ. ಈಗ ಏನಾದರೂ ಮಾಡಬಹುದೇ?

ಉತ್ತರ: ಹಣದ ಮಟ್ಟಿಗೆ ನಿಮಗೆ ಸಮಾಧಾನ ತರುವ ಉತ್ತರ ನನ್ನ ಬಳಿ ಇಲ್ಲ. ಕೋವಿಡ್ ಅವಧಿಯನ್ನು ಕಳೆದು ಲೆಕ್ಕ ಹಾಕಿದರೂ ಅಡ್ವಾನ್ಸ್ ವಸೂಲಿಯ ಮೂರು ವರ್ಷದ ಕಾಲಮಿತಿ 2025ರ ಫೆಬ್ರವರಿ ಅಂತ್ಯಕ್ಕೆ ಮುಗಿದಿದೆ. ಅದಕ್ಕೂ ಮುನ್ನ ಮಾಲೀಕರು ‘ಕೊಡುತ್ತೇನೆ’ ಎಂದು ಸಹಿ ಮಾಡಿದ ಚೀಟಿಯೋ ಪತ್ರವೋ ಇದ್ದರೆ ಮಾತ್ರ ದಾರಿಯಿದೆ. ಹಳೆಯ ಕಾಗದಗಳನ್ನೊಮ್ಮೆ ಹುಡುಕಿ ನೋಡಿ.

ಅವರು ಮಾಡಿದ್ದು ಆಗಲೂ ಕಾನೂನುಬಾಹಿರವೇ ಆಗಿತ್ತು. ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರ ಏಪ್ರಿಲ್ 22ರ ಸುಗ್ರೀವಾಜ್ಞೆ ತಂದ ತಿದ್ದುಪಡಿ, ಅದೇ ವರ್ಷ ಸಂಸತ್ತಿನ ಒಪ್ಪಿಗೆಯನ್ನೂ ಪಡೆಯಿತು. ಆರೋಗ್ಯ ಸಿಬ್ಬಂದಿಯ ವಾಸಕ್ಕೆ ಅಥವಾ ಕೆಲಸಕ್ಕೆ ತೊಂದರೆಯಾಗುವಂತೆ ಕಿರುಕುಳ ಕೊಟ್ಟು ಕರ್ತವ್ಯಕ್ಕೆ ಅಡ್ಡಿಪಡಿಸುವುದೂ ಅಲ್ಲಿ ಹಿಂಸೆಯ ವ್ಯಾಖ್ಯೆಯೊಳಗೆ ಸೇರಿದೆ. ಶಿಕ್ಷೆ ಮೂರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ, ಜೊತೆಗೆ 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಐದು ವರ್ಷದವರೆಗಿನ ಶಿಕ್ಷೆಯ ಅಪರಾಧವಾದ್ದರಿಂದ ದೂರಿಗೆ ಕಾಲಮಿತಿಯ ಅಡ್ಡಿಯಿಲ್ಲ. ಆದರೆ ಅಂದು ದೂರೂ ಇಲ್ಲ, ಚಿತ್ರವೂ ಇಲ್ಲ, ಸಾಕ್ಷಿಯೂ ಇಲ್ಲವೆಂದಾದರೆ ಇಷ್ಟು ತಡವಾಗಿ ಕೊಟ್ಟ ದೂರು ನಿಲ್ಲುವುದು ಕಷ್ಟ. ಹೋರಾಡುವ ಮನಸ್ಸಿದ್ದರೆ ಹೋರಾಡಿ. ಇಲ್ಲವಾದರೆ ಅದಕ್ಕಾಗಿ ನಿಮ್ಮನ್ನು ನೀವೇ ಹಳಿದುಕೊಳ್ಳಬೇಕಿಲ್ಲ.

ಇದೇ ಪರಿಸ್ಥಿತಿಗೆ ಸಿಕ್ಕುವ ಇತರ ಓದುಗರಿಗಾಗಿ ಇನ್ನಷ್ಟು ಹೇಳುತ್ತೇನೆ. ಬಾಡಿಗೆ ಬಾಕಿಯಿರಲಿ, ಕರಾರು ಮುಗಿದಿರಲಿ, ರೋಗದ ಭಯವಿರಲಿ, ನೆಲೆಯಾಗಿ ವಾಸವಿರುವವರನ್ನು ಕಾನೂನಿನ ಕ್ರಮ ಬಿಟ್ಟು ಬಲವಂತದಿಂದ ಹೊರಹಾಕುವಂತಿಲ್ಲ. ಸ್ವತಃ ಮಾಲೀಕನಿಗೂ ಆ ಅಧಿಕಾರವಿಲ್ಲವೆಂಬುದನ್ನು ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ. ಹಾಗೆ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿದರೆ, ಮನೆ ಯಾರದು ಎಂಬ ಪ್ರಶ್ನೆಗೇ ಹೋಗದೆ ನ್ಯಾಯಾಲಯ ಸ್ವಾಧೀನವನ್ನು ಮರಳಿ ಕೊಡಿಸುತ್ತದೆ, ಆ ಡಿಕ್ರಿಯ ಮೇಲೆ ಅಪೀಲೂ ಇಲ್ಲ. ಬೀಗ ಕಂಡ ಕೂಡಲೇ ಬಾಗಿಲು, ಬೀಗ, ಮನೆ ಸಂಖ್ಯೆ ಮೂರೂ ಕಾಣುವಂತೆ ಫೋಟೊ ತೆಗೆಯಿರಿ, ಮೀಟರಿನದೂ ಒಂದು ಇರಲಿ. ಅಂದೇ ಠಾಣೆಗೆ ಹೋಗಿ ದೂರು ಕೊಟ್ಟು ಹಿಂಬರಹ ಪಡೆಯಿರಿ. ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂದು ಠಾಣೆಯಲ್ಲಿ ಹೇಳುವುದುಂಟು. ಮನೆ ಬಿಡಬೇಕೇ ಬೇಡವೇ ಎಂಬುದು ಸಿವಿಲ್ ವ್ಯಾಜ್ಯ ಹೌದು, ಇದ್ದವರ ದಾರಿಗೆ ಅಡ್ಡ ನಿಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನ ಅಕ್ರಮ ತಡೆ. ವಿನಯದಿಂದಲೇ ಆದರೂ ಇದನ್ನು ದೂರಿನಲ್ಲಿ ಬರೆದುಕೊಡಿ.

ಪ್ರಶ್ನೆ: ಹಾಸನದ ಪಿಜಿಯೊಂದರಲ್ಲಿ ಮಗ ಇದ್ದಾನೆ. ಊರಿನಲ್ಲಿ ಜ್ವರ ಹರಡಿದೆ ಎಂದು ಒಂದೇ ದಿನದಲ್ಲಿ ಹುಡುಗರನ್ನೆಲ್ಲ ಮನೆಗೆ ಕಳುಹಿಸಿದರು, ಮುಂಗಡ ಕಟ್ಟಿದ ಎರಡು ತಿಂಗಳ ಹಣ ಹಿಂದಿರುಗಿಸುತ್ತಿಲ್ಲ. ಬಾಡಿಗೆದಾರನ ಹಕ್ಕು ಅವನಿಗೆ ಇದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಮಂಚ, ಊಟ, ಕಾವಲು ಎಲ್ಲವನ್ನೂ ನಡೆಸುವವರೇ ನೋಡಿಕೊಳ್ಳುವ ಪಿಜಿಯಲ್ಲಿ ವಾಸಿಸುವುದು ಗುತ್ತಿಗೆಯಲ್ಲ, ಇರಲು ಕೊಟ್ಟ ಪರವಾನಗಿಯಷ್ಟೆ. ಆದರೆ ಹಣ ಪಡೆದು ಕೊಡುವ ಸೇವೆಯಾದ್ದರಿಂದ, ಕೊಡದ ಸೇವೆಯ ಹಣವನ್ನು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಳಬಹುದು. ಅದಕ್ಕೆ ಎರಡು ವರ್ಷದ ಕಾಲಮಿತಿಯಿದೆ. ರಸೀದಿ ಅಥವಾ ಯುಪಿಐ ಪಾವತಿಯ ವಿವರ ಇಟ್ಟುಕೊಂಡು ಮೊದಲು ಒಂದು ಲಿಖಿತ ಕೋರಿಕೆ ಕಳುಹಿಸಿ.

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಕಾಫಿ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ನಮ್ಮ ತಂದೆತಾಯಿ ಮೂವತ್ತು ವರ್ಷದಿಂದ ಇದ್ದಾರೆ. ತಂದೆಗೆ ವಯಸ್ಸಾಗಿ ಕೆಲಸ ಬಿಟ್ಟ ಮೇಲೆ, ತೋಟದ ಉಸ್ತುವಾರಿ ನೋಡುವ ರೈಟರು ಬಂದು ಮನೆ ಖಾಲಿ ಮಾಡಿ ಎನ್ನುತ್ತಿದ್ದಾರೆ. ಕೊರೊನಾ ಸಮಯದಲ್ಲಿ ಕಾರ್ಮಿಕರನ್ನು ಬಿಡಿಸುವ ಹಾಗಿಲ್ಲ ಎಂದು ತಹಸೀಲ್ದಾರರೇ ಹೇಳಿದ್ದರಂತೆ. ಆ ಆದೇಶ ಈಗಲೂ ಇದೆಯೇ?

ಉತ್ತರ: ಮೊದಲ ಉತ್ತರದಲ್ಲಿ ಹೇಳಿದ 2020ರ ಮಾರ್ಚ್ 29ರ ಆದೇಶವೇ ಅದು. ಕಾರ್ಮಿಕರನ್ನೋ ವಿದ್ಯಾರ್ಥಿಗಳನ್ನೋ ಮನೆ ಬಿಡುವಂತೆ ಒತ್ತಾಯಿಸುವ ಮಾಲೀಕರ ಮೇಲೆ ಕ್ರಮ ಜರುಗಿಸುವುದಾಗಿಯೂ ಅದರಲ್ಲಿತ್ತು, ಆದೇಶ ಮೀರಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಅವಕಾಶವೂ ಇತ್ತು. ಅದು ಆ ದಿನಗಳಿಗಾಗಿ ಹೊರಟ ಆದೇಶ, ಈಗ ಅದನ್ನು ನೆಚ್ಚಲಾಗದು.

ಲೈನ್ ಮನೆಯ ಪ್ರಶ್ನೆ ಬಾಡಿಗೆಯ ಪ್ರಶ್ನೆಯೇ ಅಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ, 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಮಂದಿಗೆ ಕಡಿಮೆಯಿಲ್ಲದೆ ದುಡಿಯುವ ತೋಟಗಳಲ್ಲಿ ಅಲ್ಲಿಯೇ ವಾಸಿಸುವ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವಸತಿ ಒದಗಿಸುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹೊರಿಸಿತ್ತು. ಆ ವಸತಿ ಕೆಲಸದ ಜೊತೆ ಬಂದದ್ದು. ಕೆಲಸ ಮುಗಿದ ಮೇಲೆ ಮನೆ ಕೇಳುವ ಹಕ್ಕು ಮಾಲೀಕರಿಗಿದೆ ಎಂದೇ ಹೇಳಬೇಕಾಗುತ್ತದೆ. ಮೂವತ್ತು ವರ್ಷ ತೋಟಕ್ಕೆ ದುಡಿದವರಿಗೆ ಇದು ಕಠೋರವಾಗಿ ಕೇಳಿಸುತ್ತದೆಂದು ಬಲ್ಲೆ. ಆದರೂ ರೈಟರ ಬಾಯಿಮಾತಿಗೆ ಮನೆ ಬಿಡಬೇಕಿಲ್ಲ, ಹೆಂಚು ತೆಗೆಸುವುದು, ಕರೆಂಟು ಕೀಳಿಸುವುದು ಇಲ್ಲಿಯೂ ಅಕ್ರಮವೇ. ನಿಮ್ಮ ತಾಯಿ ಇನ್ನೂ ಅದೇ ತೋಟದಲ್ಲಿ ಹಾಜರಿ ಪುಸ್ತಕದಲ್ಲಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಇದ್ದರೆ ವಿಷಯವೇ ಬದಲಾಗುತ್ತದೆ, ಅವರೂ ಕಾರ್ಮಿಕರಾದ್ದರಿಂದ ಅವರ ಹೆಸರಿನಲ್ಲೇ ವಸತಿ ಕೇಳಬಹುದು. ತಂದೆಯವರ ಗ್ರಾಚ್ಯುಟಿ ಮತ್ತು ಭವಿಷ್ಯ ನಿಧಿಯ ಲೆಕ್ಕವನ್ನು ಮನೆಯ ಮಾತಿನೊಂದಿಗೆ ಬೆರೆಸದೆ, ಕಾರ್ಮಿಕ ಇಲಾಖೆಯಲ್ಲಿ ಪ್ರತ್ಯೇಕವಾಗಿ ಕೇಳಿ. ‘ಮನೆ ಬಿಟ್ಟರೆ ದುಡ್ಡು’ ಎಂಬ ಮಾತಿಗೆ ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಲು ಅವರನ್ನು ಬಿಡಬೇಡಿ.

ಪ್ರಶ್ನೆ: ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಬಟ್ಟೆ ಅಂಗಡಿಗೆ ಮಳಿಗೆ ಹಿಡಿಯುತ್ತಿದ್ದೇವೆ. ಮುಂದೆ ಮತ್ತೆ ಅಂಥದೇ ರೋಗ ಬಂದರೆ ಎಂಬ ಭಯದಿಂದ ಕರಾರಿನಲ್ಲಿ ಒಂದು ಷರತ್ತು ಸೇರಿಸಬೇಕೆಂದಿದ್ದೇವೆ. ಕೇಂದ್ರದ ಹೊಸ ಬಾಡಿಗೆ ಕಾಯ್ದೆಯಲ್ಲಿ ಇದಕ್ಕೆ ರಕ್ಷಣೆ ಇದೆಯಂತೆ, ಹೌದೇ?

ಉತ್ತರ: ನೀವು ಹೇಳುತ್ತಿರುವುದು ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಅದೊಂದು ಮಾದರಿ ಮಾತ್ರ, ರಾಜ್ಯ ಅಂಗೀಕರಿಸದೆ ಕಾನೂನಾಗುವುದಿಲ್ಲ. ಮೇಲಾಗಿ, ವಿಪತ್ತಿನ ನಡುವೆ ಕರಾರು ಮುಗಿದರೆ ಅದು ತಣ್ಣಗಾದ ಒಂದು ತಿಂಗಳವರೆಗೆ ಹಳೆಯ ಷರತ್ತುಗಳ ಮೇಲೆಯೇ ಮುಂದುವರಿಯಬಹುದು ಎಂದಷ್ಟೇ ಅದರಲ್ಲಿದೆ. ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪಗಳನ್ನು ಹೆಸರಿಸಿ ಪ್ರಕೃತಿಯಿಂದಾಗುವ ಇತರ ವಿಪತ್ತುಗಳನ್ನೂ ಸೇರಿಸಿರುವ ಆ ವ್ಯಾಖ್ಯೆಯಲ್ಲಿ ಸಾಂಕ್ರಾಮಿಕ ರೋಗದ ಹೆಸರಿಲ್ಲ. ಕೋವಿಡ್ಡಿನ ನಡುವೆಯೇ ಒಪ್ಪಿಗೆಯಾದ ಕರಡಿನಲ್ಲಿ ಹೀಗಿರುವುದು ವಿಚಿತ್ರವೆನಿಸುತ್ತದೆ. ಬಾಡಿಗೆ ಇಳಿಕೆಯ ಮಾತೂ ಇಲ್ಲ.

ಆದ್ದರಿಂದ ನಿಮ್ಮ ಕರಾರೇ ನಿಮಗೆ ಕಾನೂನು. ‘ಸಾಂಕ್ರಾಮಿಕ ಬಂದರೆ ಬಾಡಿಗೆಯಲ್ಲಿ ರಿಯಾಯಿತಿ’ ಎಂಬ ಒಂದು ಸಾಲು ಬರೆದರೆ ನಾಳೆ ಅದರ ಅರ್ಥಕ್ಕಾಗಿಯೇ ಜಗಳವಾಗುತ್ತದೆ. ಸರ್ಕಾರದ ಅಥವಾ ಜಿಲ್ಲಾಧಿಕಾರಿಗಳ ಲಿಖಿತ ಆದೇಶದಿಂದ ಮಳಿಗೆ ಮುಚ್ಚಬೇಕಾಗಿ ಬಂದ ದಿನಗಳಿಗೆ ಮಾತ್ರ ಎಂದು ಮೊದಲು ಸ್ಪಷ್ಟಪಡಿಸಿ. ಇಡೀ ದಿನ ಮುಚ್ಚಿದ್ದಕ್ಕೂ, ಬೆಳಗ್ಗೆ ಕೆಲವು ಗಂಟೆ ತೆರೆಯಲು ಅನುಮತಿಯಿದ್ದದ್ದಕ್ಕೂ ಬೇರೆ ಬೇರೆ ದರ ಗೊತ್ತುಮಾಡಿಕೊಳ್ಳಿ. ಕಡಿತವಾದ ಭಾಗ ಪೂರ್ತಿ ಮನ್ನಾ ಆಗುತ್ತದೆಯೇ, ಮುಂದೆ ಕಂತಿನಲ್ಲಿ ತೀರಿಸಬೇಕೇ ಎಂಬುದನ್ನು ಬರೆಯದೆ ಬಿಡಬೇಡಿ, ಈ ಅಂಕಣಕ್ಕೆ ಬರುವ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಯೇ. ಆ ಅವಧಿಯ ಬಾಕಿಗಾಗಿ ಮಳಿಗೆ ಬಿಡಿಸುವ ನೋಟಿಸ್ ಕೊಡಕೂಡದು ಎಂಬ ಮಾತಿಗೆ ಮಾಲೀಕರು ಒಪ್ಪಿದರೆ ಒಳ್ಳೆಯದು. ಮುಚ್ಚಿದ ಸ್ಥಿತಿ ಮೂರು ತಿಂಗಳು ದಾಟಿದರೆ ಇಬ್ಬರಲ್ಲಿ ಯಾರು ಬೇಕಾದರೂ ಕರಾರಿನಿಂದ ಹೊರಬರಬಹುದು ಎಂದು ಬರೆದರೆ ಅವರಿಗೂ ನ್ಯಾಯ ಸಿಕ್ಕಂತಾಗುತ್ತದೆ, ಬಹುಶಃ ಆಗ ಮೊದಲಿನ ಷರತ್ತಿಗೂ ಸುಲಭವಾಗಿ ಒಪ್ಪಿಯಾರು. ಅವಧಿ ಒಂದು ವರ್ಷಕ್ಕಿಂತ ಹೆಚ್ಚಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸಿ. ನೋಂದಣಿಯ ಖರ್ಚನ್ನು ಯಾರು ಭರಿಸಬೇಕು ಎಂಬುದನ್ನೂ ಅದೇ ಪತ್ರದಲ್ಲಿ ನಮೂದಿಸಿಕೊಳ್ಳಿ.